ಸಾಕ್ರಟೀಸನ ತರಗತಿಗೆ ವೇಟ್‌ಲಿಸ್ಟ್

(ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕನ್ನಡ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಇಳಿಸಿಕೊಂಡು ತಿದ್ದಿದ್ದು.)

ಹೋದ ವಾರ ಈ ಸಭೆಯ ಹಿರಿಯರೊಬ್ಬರು ಫೋನ್ ಮಾಡಿದ್ದರು. ಏನು ಮಾತಾಡುತ್ತೀಯೆಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಮ್ಮ, ಕಮ್ಯುನಿಟಿ ಕಾಲೇಜಿನ ವಿಷಯ ಮಾತಾಡು, ಬೇಡ ಎನ್ನುವುದಿಲ್ಲ. ಫಿಲಾಸಫಿಯ ವಿಷಯ ಮಾತಾಡು, ಅದಕ್ಕೂ ಬೇಡ ಎನ್ನುವುದಿಲ್ಲ. ಎರಡನ್ನೂ ಒಂದೇ ದಿನ ಮಕ್ಕಳ ಎದುರು ಹೇಳಬೇಕೇನು?" ಎಂದರು. ಅವರು ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ. ಅವರ ಅಳುಕು ನನಗೆ ಹೊಸದೇನಲ್ಲ. ನಮ್ಮವರ ಮನೆಗಳಲ್ಲಿ "ಮಗ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾನೆ" ಎನ್ನುವಾಗ ದನಿ ಅರ್ಧಕ್ಕೆ ಇಳಿಯುತ್ತದೆ. "ಫಿಲಾಸಫಿ ಓದುತ್ತಾನೆ" ಎಂದು ಹೇಳುವುದೇ ಇಲ್ಲ. "ಇನ್ನೂ ಏನೂ ತೀರ್ಮಾನವಾಗಿಲ್ಲ" ಎನ್ನುತ್ತಾರೆ.

ನಾನು ಎರಡನ್ನೂ ಮಾಡಿದವಳು. ಹಾಸನದಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ ಮದುವೆಯಾಯಿತು, ಪರೀಕ್ಷೆಗೆ ಕೂರಲಿಲ್ಲ, ಇಲ್ಲಿಗೆ ಬಂದೆ. 2009ರಲ್ಲಿ ಮಗಳು ಕಿಂಡರ್‌ಗಾರ್ಟನ್ ಸೇರಿದಾಗ ನನಗೆ ಇಪ್ಪತ್ತೊಂಬತ್ತು. ಕೈಯಲ್ಲಿದ್ದದ್ದು ಎಚ್‌-4 ವೀಸಾ, ಇಲ್ಲಿ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವುದು. ಆ ವೀಸಾದವರು ಈ ಸಭೆಯಲ್ಲಿ ಈಗಲೂ ಇದ್ದೀರಿ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಓದಬಹುದು, ದುಡಿಯುವಂತಿಲ್ಲ. ಕೆಲವರಿಗೆ ಕೆಲಸದ ಪರವಾನಗಿ ಸಿಕ್ಕಿದ್ದು 2015ರಲ್ಲಿ, ಅದು ಆಮೇಲಿನ ಮಾತು.

ಜ್ಞಾನದ ಹಸಿವಿನಿಂದ ತತ್ತ್ವಶಾಸ್ತ್ರಕ್ಕೆ ಬಂದೆ ಎಂದರೆ ಸುಳ್ಳಾಗುತ್ತದೆ. ಮಗಳನ್ನು ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಶಾಲೆಗೆ ಬಿಟ್ಟರೆ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕರೆತರಬೇಕಿತ್ತು. ಆ ಸಂದಿಯಲ್ಲಿ ಹಿಡಿಸುವಂತಿದ್ದ ತರಗತಿಗಳು ಮೂರೇ ಮೂರು: ಅಕೌಂಟಿಂಗ್, ಈಜು, ತತ್ತ್ವಶಾಸ್ತ್ರ ಪ್ರವೇಶ. ಅಕೌಂಟಿಂಗ್ ತುಂಬಿಹೋಗಿತ್ತು. ನೀರೆಂದರೆ ನನಗೆ ಭಯ. ಉಳಿದದ್ದು ಮಂಗಳವಾರ, ಗುರುವಾರ ಒಂಬತ್ತೂವರೆಯ ಸಾಕ್ರಟೀಸ್.

ಅವನ ತರಗತಿಯಲ್ಲೂ ಜಾಗ ಇರಲಿಲ್ಲ. ಆ ವರ್ಷ ನೆನಪಿರುವವರಿಗೆ ನೆನಪಿರಬಹುದು, ರಾಜ್ಯದ ಬೊಕ್ಕಸ ಬರಿದಾಗಿತ್ತು. ಕಾಲೇಜುಗಳು ತರಗತಿಗಳನ್ನು ಕತ್ತರಿಸಿದ್ದವು, ಕೋರ್ಸನ್ನು ಅಳೆಯುವ ಯೂನಿಟ್ ಒಂದಕ್ಕೆ 20 ಡಾಲರ್ ಇದ್ದ ಶುಲ್ಕವನ್ನು 26ಕ್ಕೆ ಏರಿಸಿದ್ದರು, ಕೆಲಸ ಕಳೆದುಕೊಂಡವರೆಲ್ಲ ಅದೇ ಕಾಲೇಜುಗಳ ಬಾಗಿಲಿಗೆ ಬಂದಿದ್ದರು. ವೇಟ್‌ಲಿಸ್ಟ್‌ನಲ್ಲಿ ನನ್ನದು ಹನ್ನೊಂದನೆಯ ಸಂಖ್ಯೆ. ಮೊದಲ ದಿನ ಕೋಣೆಯಲ್ಲಿ ನಲವತ್ತು ಕುರ್ಚಿ, ಗೋಡೆಗೆ ಒರಗಿ ನೆಲದ ಮೇಲೆ ಹತ್ತು ಹನ್ನೆರಡು ಜನ, ಬಾಗಿಲಾಚೆ ಇನ್ನಷ್ಟು. ನಾನು ಕಸದ ಬುಟ್ಟಿಯ ಪಕ್ಕ ಕುಳಿತೆ. ಮೇಷ್ಟರು ಒಳಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿ, "ಮೂರು ತರಗತಿಗೆ ತಪ್ಪದೆ ಬನ್ನಿ. ಆಮೇಲೂ ಇರುವವರಿಗೆ ಆಡ್ ಕೋಡ್ ಕೊಡುತ್ತೇನೆ" ಎಂದರು. ಆಡ್ ಕೋಡ್ ಎಂದರೆ ಒಂದು ಚೀಟಿಯ ಮೇಲೆ ನಾಲ್ಕಾರು ಅಂಕೆ. ಅದನ್ನು ಕಂಪ್ಯೂಟರಿನಲ್ಲಿ ಒತ್ತಿದರೆ ತುಂಬಿದ ತರಗತಿಯೂ ನಿಮ್ಮನ್ನು ಒಳಗೆ ಬಿಡುತ್ತದೆ. ಮೂರನೆಯ ತರಗತಿಯ ಹೊತ್ತಿಗೆ ನೆಲದ ಮೇಲೆ ನಾಲ್ಕು ಜನ ಉಳಿದಿದ್ದೆವು. ಚೀಟಿ ಸಿಕ್ಕಿತು. ನನ್ನ ಇಡೀ ಓದಿನಲ್ಲಿ ಅಷ್ಟು ಖುಷಿ ಕೊಟ್ಟ ಕಾಗದ ಇನ್ನೊಂದಿಲ್ಲ. ಪದವಿಪತ್ರ ಬಂದದ್ದು ಅಂಚೆಯಲ್ಲಿ, ಸ್ವಲ್ಪ ಮಡಚಿಕೊಂಡಿತ್ತು.

ಊರಿನಿಂದ ಈಚೆಗೆ ಬಂದವರಿಗಾಗಿ ಈ ಕಾಲೇಜು ಎಂದರೆ ಏನು ಎಂದು ಒಂದು ಮಾತು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಇಲ್ಲಿ ಪದವಿಯ ಮೊದಲ ಎರಡು ವರ್ಷ ಒಂದು ಕಡೆ, ಕೊನೆಯ ಎರಡು ವರ್ಷ ಇನ್ನೊಂದು ಕಡೆ. ನಡುವಿನ ಜಿಗಿತಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ನಮ್ಮ ಕಡೆ ಟ್ರಾನ್ಸ್‌ಫರ್ ಎಂದರೆ ಮಂತ್ರಿಗೆ ಬೇಡವಾದ ತಹಶೀಲ್ದಾರರಿಗೆ ಆಗುವುದು. ಇಲ್ಲಿ ಅದಕ್ಕಾಗಿ ಹರಕೆ ಹೊರುತ್ತಾರೆ.

ಇಂಥ ಕಾಲೇಜು ಮೊದಲು ಹುಟ್ಟಿದ್ದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ. ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1910ರಲ್ಲಿ, ಫ್ರೆಸ್ನೊದಲ್ಲಿ. 1960ರಲ್ಲಿ ಈ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆ ಹಾಕಿಕೊಂಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟರಲ್ಲಿ ಒಂದು ಪಾಲಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ನಾವು ಯುಸಿ ಎನ್ನುವುದು. ಮೇಲಿನ ಮೂರರಲ್ಲಿ ಒಂದು ಪಾಲಿಗೆ ಸ್ಟೇಟ್ ಯೂನಿವರ್ಸಿಟಿ. ಮಿಕ್ಕ ಎಲ್ಲರಿಗೂ, ನಿಜಕ್ಕೂ ಎಲ್ಲರಿಗೂ, ಕಮ್ಯುನಿಟಿ ಕಾಲೇಜ್. ಅಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ಕಟ್‌ಆಫ್ ಇಲ್ಲ. 1984ರವರೆಗೆ ಶುಲ್ಕವೂ ಇರಲಿಲ್ಲ. ಈಗ ಇಂಥವು 116 ಇವೆ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, 2012ರಿಂದ ಅಷ್ಟೇ. ಎರಡು ವರ್ಷದ ಅರವತ್ತು ಯೂನಿಟ್‌ಗೆ 2,760 ಡಾಲರ್ ಆಯಿತು. ಯುಸಿಯಲ್ಲಿ ಒಂದೇ ವರ್ಷದ ಶುಲ್ಕ ಹದಿನಾಲ್ಕು ಸಾವಿರ ದಾಟುತ್ತದೆ, ಊಟ ವಸತಿ ಬೇರೆ. ಈ ಲೆಕ್ಕ ಹೇಳಿದ ಕೂಡಲೇ ಕೆಲವು ಅಪ್ಪಂದಿರ ಬೆನ್ನು ನೆಟ್ಟಗಾಯಿತು, ಕಂಡೆ.

ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ. ಇಲ್ಲಿಂದ ಅರ್ಧ ಗಂಟೆ ದೂರದ ಓಕ್ಲೆಂಡ್‌ನಲ್ಲಿ ಮೆರಿಟ್ ಕಾಲೇಜ್ ಇದೆ. 1960ರ ದಶಕದ ಮೊದಲಲ್ಲಿ ಅಲ್ಲಿ ಹ್ಯೂಯಿ ನ್ಯೂಟನ್ ಎಂಬ ವಿದ್ಯಾರ್ಥಿ ಇದ್ದ. ಹೈಸ್ಕೂಲು ಮುಗಿಸುವ ಹೊತ್ತಿಗೂ ಅವನಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಪ್ಲೇಟೊನ 'ರಿಪಬ್ಲಿಕ್' ಇಟ್ಟುಕೊಂಡು, ಗೊತ್ತಿಲ್ಲದ ಒಂದೊಂದು ಪದಕ್ಕೂ ನಿಘಂಟು ತೆಗೆದು, ಮತ್ತೆ ಮತ್ತೆ ಓದಿ ಓದು ಕಲಿತೆ ಎಂದು ಅವನೇ ಬರೆದುಕೊಂಡಿದ್ದಾನೆ. ಆ ಕಾಲೇಜಿನಲ್ಲಿ ಬಾಬಿ ಸೀಲ್‌ನ ಪರಿಚಯವಾಯಿತು. 1966ರಲ್ಲಿ ಇಬ್ಬರೂ ಸೇರಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಮುಂದಿನದು ಗೋಜಲಿನ ಕತೆ, ಅದರೊಳಗೆ ರಕ್ತವೂ ಇದೆ, ಈಗ ಬೇಡ. ಅದೇ ನ್ಯೂಟನ್ 1980ರಲ್ಲಿ ಸಾಂತಾ ಕ್ರೂಜ್‌ನ ಯುಸಿಯಲ್ಲಿ ಡಾಕ್ಟರೇಟ್ ಪಡೆದ. ನಿಮ್ಮ ಮಕ್ಕಳು ಪ್ಯಾಂಥರ್‌ಗಳಾಗುತ್ತಾರೆ ಎಂದು ಹೆದರಬೇಡಿ. ಪ್ಲೇಟೊ ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎನ್ನುವ ಗಾಳಿ ಆ ಕಾಲೇಜುಗಳಲ್ಲಿ ಹಿಂದಿನಿಂದಲೂ ಇದೆ, ಅದನ್ನು ತೋರಿಸಲು ಹೇಳಿದೆ.

ಈಗ ತರಗತಿಯ ಒಳಗೆ ಬನ್ನಿ. ಮೊದಲು ಓದಿಸಿದ್ದು ಪ್ಲೇಟೊನ 'ಕ್ರಿಟೊ'. ಹತ್ತು ಹನ್ನೆರಡು ಪುಟದ ಸಂಭಾಷಣೆ. ಪುಸ್ತಕದ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಂಕೆಗಳು, ಪಕ್ಕದಲ್ಲಿ ಎ, ಬಿ, ಸಿ. ನಾನು ಅಚ್ಚಿನ ತಪ್ಪು ಎಂದುಕೊಂಡಿದ್ದೆ. ಮೇಷ್ಟರು ಅರ್ಧ ತರಗತಿಯನ್ನು ಆ ಅಂಕೆಗಳಿಗೇ ಕೊಟ್ಟರು. 1578ರಲ್ಲಿ ಸ್ಟೆಫಾನಸ್ ಎಂಬ ಮುದ್ರಕ ಅಚ್ಚು ಹಾಕಿದ ಪ್ಲೇಟೊನ ಪುಟಸಂಖ್ಯೆಗಳು ಅವು. ಯಾವ ಭಾಷೆಯ ಯಾವ ಅನುವಾದ ಹಿಡಿದರೂ 51ಡಿ ಎಂದರೆ ಅದೇ ಜಾಗ. "ನೀವು ಐದು ಡಾಲರಿನ ಹಳೆಯ ಪ್ರತಿ ತಂದಿದ್ದರೂ ಸರಿ, ಆಕ್ಸ್‌ಫರ್ಡಿನವರು ನೋಡುವ ಸಾಲನ್ನೇ ನೀವೂ ನೋಡುತ್ತಿರುತ್ತೀರಿ" ಎಂದರು. ನಮ್ಮಲ್ಲಿ ಗೀತೆಗೆ ಅಧ್ಯಾಯ, ಶ್ಲೋಕ ಹೇಳುತ್ತೇವಲ್ಲ, ಅದೇ ಅಲ್ಲವೇ ಎಂದು ಆಮೇಲೆ ಹೊಳೆಯಿತು.

ಕತೆ ನಿಮಗೆ ಗೊತ್ತು. ಸಾಕ್ರಟೀಸನಿಗೆ ಮರಣದಂಡನೆ ಆಗಿದೆ. ಗೆಳೆಯ ಕ್ರಿಟೊ ಸೆರೆಮನೆಗೆ ಬಂದು, ಕಾವಲುಗಾರನನ್ನು ಸರಿಮಾಡಿಕೊಂಡಿದ್ದೇನೆ, ಓಡಿಹೋಗೋಣ ಎನ್ನುತ್ತಾನೆ. ಸಾಕ್ರಟೀಸ್ ಒಪ್ಪುವುದಿಲ್ಲ. ಎಪ್ಪತ್ತು ವರ್ಷ ಈ ಊರಿನಲ್ಲಿ ಇದ್ದೆ, ಬೇಡವಾಗಿದ್ದರೆ ಹೊರಟುಹೋಗಬಹುದಿತ್ತು, ಹೋಗಲಿಲ್ಲ. ಇದ್ದೆ ಎಂದರೆ ಇಲ್ಲಿನ ಕಾನೂನಿಗೆ ಒಪ್ಪಿದ್ದೆ ಎಂದೇ ಅರ್ಥ, ಈಗ ಮಾತು ಮುರಿಯಲಾರೆ. ಇದು ಅವನ ವಾದ.

ನನ್ನ ಎಡಕ್ಕೆ ನರ್ಸಿಂಗ್ ಸೀಟಿಗೆ ಕಾಯುತ್ತಿದ್ದ ಫಿಲಿಪಿನೊ ಹುಡುಗಿ. ಮುಂದೆ ನಿವೃತ್ತ ಬಸ್ ಚಾಲಕಿ, ಅರವತ್ತು ದಾಟಿದವರು, ಹೆಣಿಗೆ ಹಾಕುತ್ತ ಪಾಠ ಕೇಳುತ್ತಿದ್ದರು. ಅವರ ಪಕ್ಕ ಇರಾಕ್‌ನಿಂದ ಮರಳಿದ್ದ ಸೈನಿಕ. ಮೊದಲು ಮಾತಾಡಿದ್ದು ಅವನೇ. "ಹದಿನೆಂಟಕ್ಕೆ ನಾನು ಕಾಗದಕ್ಕೆ ಸಹಿ ಹಾಕಿದ್ದೆ, ಅದಕ್ಕೇ ಹೋದೆ. ಸಾಕ್ರಟೀಸ್ ಎಲ್ಲಿ ಸಹಿ ಹಾಕಿದ್ದಾನೆ?" ಬಸ್ ಚಾಲಕಿ ಸೂಜಿ ನಿಲ್ಲಿಸಿ, "ಬಸ್ ಹತ್ತಿದವರು ನಿಯಮ ಒಪ್ಪಿದಂತೆಯೇ. ನಾನೇನು ಎಲ್ಲರಿಂದ ಸಹಿ ತೆಗೆದುಕೊಳ್ಳುತ್ತಿದ್ದೆನೆ?" ಎಂದರು. ಎಲ್ಲರೂ ನಕ್ಕರು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ, ರಾತ್ರಿಪಾಳಿ ಮುಗಿಸಿ ಬರುತ್ತಿದ್ದವನು, ಅಲ್ಲಿಯವರೆಗೆ ಬಾಯಿ ತೆರೆಯದಿದ್ದವನು, ಹೇಳಿದ: "ನನಗೆ ಮೂರು ವರ್ಷವಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗಡಿ ದಾಟಿಸಿದರು. ಎಚ್ಚರವಾದಾಗ ಇಲ್ಲಿದ್ದೆ. ನಾನು ಬಸ್ ಹತ್ತಲಿಲ್ಲ."

ಯಾರೂ ನಗಲಿಲ್ಲ. ಮೇಷ್ಟರೂ ಏನೂ ಹೇಳಲಿಲ್ಲ. ಅವನ ಮಾತನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಸುತ್ತ ಒಂದು ಗೆರೆ ಎಳೆದರು.

ಗುರುವಾರ ಬರುವಾಗ ಎಲ್ಲರಿಗೂ ಒಂದೊಂದು ಪುಟದ ಜೆರಾಕ್ಸ್ ತಂದಿದ್ದರು. ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್ 1748ರಲ್ಲಿ ಪ್ರಕಟಿಸಿದ, ಮೂಲ ಒಪ್ಪಂದವನ್ನು ಕುರಿತ ಪ್ರಬಂಧದ ತುಣುಕು. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿದ್ದಾರೆ. ಹಡಗು ಬಿಡಬೇಕಾದರೆ ಅವನು ಕಡಲಿಗೆ ಹಾರಿ ಸಾಯಬೇಕು. ಹಾರದೆ ಉಳಿದ ಎನ್ನುವ ಕಾರಣಕ್ಕೆ ಅವನು ಹಡಗಿನ ಒಡೆಯನ ಅಧಿಕಾರಕ್ಕೆ ಮನಸಾರೆ ಒಪ್ಪಿದ್ದಾನೆ ಎನ್ನಬಹುದೇ ಎಂದು ಹ್ಯೂಮ್ ಕೇಳುತ್ತಾನೆ. ಹುಡುಗ ಆ ಪುಟವನ್ನು ಎರಡು ಸಲ ಓದಿದ. ಕಿವಿ ಕೆಂಪಾಗಿದ್ದವು. ಮೇಷ್ಟರು, "ಹ್ಯೂಮ್ ನಿನ್ನ ಕಡೆ ಇದ್ದಾನೆ. ಹಾಗಾಗಿ ನಿನಗೆ ಕಷ್ಟದ ಕೆಲಸ: ಮುಂದಿನ ವಾರ ಸಾಕ್ರಟೀಸನ ಪರವಾಗಿ ಉತ್ತರ ಬರೆದುಕೊಂಡು ಬಾ" ಎಂದರು.

ಇಷ್ಟು ವರ್ಷದ ಮೇಲೆ ನಾನೇ ಪಾಠ ಹೇಳುವವಳಾಗಿ ಹೇಳುತ್ತೇನೆ, ಆ ಕೊನೆಯ ಮಾತಿನಲ್ಲಿ ಇಡೀ ಶಾಸ್ತ್ರ ಇದೆ. ಆ ಹುಡುಗನ ನೋವಿಗೆ ಮರುಗಿ ಅಲ್ಲಿಗೆ ಬಿಟ್ಟಿದ್ದರೆ ಅದು ಒಳ್ಳೆಯತನ ಆಗುತ್ತಿತ್ತು, ಪಾಠ ಆಗುತ್ತಿರಲಿಲ್ಲ. ಇನ್ನೊಂದು ಮಾತು. ಆ ಹುಡುಗ ಅಲ್ಲಿ ಕುಳಿತದ್ದಕ್ಕೂ ಒಂದು ಕಾನೂನು ಕಾರಣ. 2001ರ ಎಬಿ 540 ಎಂಬ ಶಾಸನದಿಂದಾಗಿ, ಈ ರಾಜ್ಯದಲ್ಲಿ ಮೂರು ವರ್ಷ ಹೈಸ್ಕೂಲು ಓದಿ ಮುಗಿಸಿದವರು ಕಾಗದಪತ್ರ ಇರಲಿ ಬಿಡಲಿ, ನಿವಾಸಿಗಳ ಶುಲ್ಕವನ್ನೇ ಕಟ್ಟಬಹುದು. ಅಂದು ಮನೆಗೆ ಹೋಗುವಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ನನ್ನದೇ ಸಹಿಗಳು. ಮದುವೆ ನೋಂದಣಿ, ಪಾಸ್‌ಪೋರ್ಟು, ವೀಸಾ. ಎಷ್ಟಕ್ಕೆ ಸಹಿ ಹಾಕಿದ್ದೆ, ಅದರಲ್ಲಿ ಎಷ್ಟನ್ನು ಓದಿದ್ದೆ?

ಈ ಮೇಷ್ಟರಿಗೆ ಕಾಲೇಜಿನಲ್ಲಿ ಸ್ವಂತ ಕೋಣೆ ಇರಲಿಲ್ಲ. ಅರೆಕಾಲಿಕ ಅಧ್ಯಾಪಕರು. ಸೋಮವಾರ ಒಂದು ಕಾಲೇಜು, ಮಂಗಳವಾರ ನಮ್ಮದು, ಸಂಜೆಗೆ ಮೂರನೆಯದು. ಇಂಥವರಿಗೆ ಇಲ್ಲಿ 'ಫ್ರೀವೇ ಫ್ಲೈಯರ್' ಎಂದು ಹೆಸರು, ಹೆದ್ದಾರಿಯಲ್ಲೇ ಹಾರಾಡುವ ಹಕ್ಕಿಗಳು. ನಿಮ್ಮ ಪ್ರಶ್ನೆ ಕೇಳಬೇಕಾದರೆ ಪಾರ್ಕಿಂಗ್ ಜಾಗಕ್ಕೆ ಹೋಗಬೇಕು. ಹಳೆಯ ಹೋಂಡಾದ ಡಿಕ್ಕಿಯೇ ಗ್ರಂಥಾಲಯ. ಬಾನೆಟ್ ಮೇಲೆ ಹಾಳೆ ಹರಡಿಕೊಂಡು ತಿದ್ದುತ್ತಿದ್ದರು, ಗಾಳಿಗೆ ಹಾರದಂತೆ ಮೇಲೊಂದು ಕಿತ್ತಳೆ ಹಣ್ಣು.

ನನ್ನ ಮೊದಲ ದೊಡ್ಡ ಪ್ರಬಂಧದ ಗತಿ ತೀರ್ಮಾನವಾದದ್ದು ಆ ಬಾನೆಟ್ ಮೇಲೆ. ಫ್ರೆಂಚ್ ತತ್ತ್ವಜ್ಞ ದೆಕಾರ್ತ್ 1641ರ ತನ್ನ 'ಮೆಡಿಟೇಷನ್ಸ್'ನಲ್ಲಿ ಒಂದು ಮೇಣದ ಉಂಡೆ ತೆಗೆದುಕೊಳ್ಳುತ್ತಾನೆ. ಜೇನುಗೂಡಿನಿಂದ ಆಗತಾನೇ ತೆಗೆದದ್ದು. ಸ್ವಲ್ಪ ಸಿಹಿ ಇದೆ, ಹೂವಿನ ವಾಸನೆ ಇದೆ, ಗಟ್ಟಿ ಇದೆ, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತದೆ. ಬೆಂಕಿಯ ಹತ್ತಿರ ಹಿಡಿದರೆ ರುಚಿ, ವಾಸನೆ, ಆಕಾರ, ಸದ್ದು ಒಂದೂ ಉಳಿಯುವುದಿಲ್ಲ. ಆದರೂ ಅದು ಅದೇ ಮೇಣ ಎನ್ನುತ್ತೇವೆ. ಹೇಗೆ ಗೊತ್ತಾಯಿತು? ಇಂದ್ರಿಯಗಳಿಂದಲ್ಲ, ಅವು ಹೇಳಿದ್ದೆಲ್ಲ ಬದಲಾಗಿದೆ, ಬುದ್ಧಿಯಿಂದಲೇ ಎನ್ನುತ್ತಾನೆ. ನನ್ನ ಅಡುಗೆಮನೆಯಲ್ಲಿ ಅತ್ತೆ ಕಳುಹಿಸಿದ ಕೊಬ್ಬರಿ ಎಣ್ಣೆ ಇತ್ತು. ನವೆಂಬರಿನ ಬೆಳಿಗ್ಗೆ ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಕರಗುತ್ತದೆ. ನಾನು ಬರೆದೆ: ನನ್ನ ಎದುರಿಗೇ ಕರಗುತ್ತದೆ, ಬೆರಳಲ್ಲಿ ಮುಟ್ಟುತ್ತಲೇ ಇರುತ್ತೇನೆ, ಅದೇ ಎಣ್ಣೆ ಎಂದು ಬೆರಳಿಗೇ ಗೊತ್ತು, ಬುದ್ಧಿಯನ್ನು ಕರೆಯುವ ಅಗತ್ಯವೇ ಇಲ್ಲ. ಬಹಳ ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಿದ್ದೆ. ಬಂದದ್ದು ಸಿ ಪ್ಲಸ್. ಅಂಚಿನಲ್ಲಿ ಕೆಂಪಕ್ಷರ: "ಅಡುಗೆಮನೆ ಚೆನ್ನಾಗಿದೆ. ವಾದ ಎಲ್ಲಿದೆ?"

ಜಗಳಕ್ಕೆಂದೇ ಪಾರ್ಕಿಂಗ್ ಜಾಗಕ್ಕೆ ಹೋದೆ. ಅವರು ಕಿತ್ತಳೆ ಸುಲಿಯುತ್ತ ಕೇಳಿದರು, "ಕರಗುವುದನ್ನು ನೀನು ನೋಡುತ್ತೀಯೆ, ಸರಿ. ಹೆಪ್ಪುಗಟ್ಟುವುದು ಯಾವಾಗ?" ರಾತ್ರಿ ಎಂದೆ. "ಆಗ ನೀನು ಎಲ್ಲಿರುತ್ತೀಯೆ?" ಮಲಗಿರುತ್ತೇನೆ. "ಹಾಗಾದರೆ ಬೆಳಿಗ್ಗೆ ಅದು ಅದೇ ಎಣ್ಣೆ ಎಂದು ಯಾವ ಬೆರಳು ಹೇಳಿತು?"

ನಾನು ಮೂರು ದಿನ ಆ ಬಾಟಲಿಯನ್ನು ನೋಡಿಕೊಂಡು ಓಡಾಡಿದೆ. ಪ್ರಬಂಧ ನಾಲ್ಕು ಸಲ ತಿದ್ದಿ ಬರೆದೆ, ನಾಲ್ಕು ಸಲವೂ ಅವರು ಓದಿದರು. ನಲವತ್ತು ವಿದ್ಯಾರ್ಥಿಗಳ ಹಾಳೆಗಳನ್ನು, ಸಹಾಯಕರಿಲ್ಲದೆ, ತಾವೇ. ಮುಂದೆ ನಾನು ಸೇರಿದ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಪ್ರಾಧ್ಯಾಪಕರು ನೂರೈವತ್ತು ಜನರಿಗೆ ಉಪನ್ಯಾಸ ಮಾಡುತ್ತಿದ್ದರು, ನಮ್ಮ ಹಾಳೆ ಓದುತ್ತಿದ್ದವರು ಡಾಕ್ಟರೇಟ್ ವಿದ್ಯಾರ್ಥಿಗಳು. ಯಾರದ್ದೂ ತಪ್ಪಲ್ಲ, ಏರ್ಪಾಡು ಇರುವುದೇ ಹಾಗೆ. ಆದರೆ ವಾದ ಮಾಡುವುದನ್ನು ಕಲಿಯುವ ಮೊದಲ ವರ್ಷಕ್ಕೆ ಯಾವ ಏರ್ಪಾಡು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಆ ಬಾನೆಟ್. ರಸಾಯನಶಾಸ್ತ್ರಕ್ಕೆ ಈ ಮಾತು ಹೇಳಲಾರೆ, ಅಲ್ಲಿ ಪ್ರಯೋಗಾಲಯ ದೊಡ್ಡದಿರಬೇಕು. ತತ್ತ್ವಶಾಸ್ತ್ರಕ್ಕೆ ಬೇಕಾದ ಸಾಮಗ್ರಿ ಎಂದರೆ ಹತ್ತು ಪುಟ, ಮತ್ತು ನೀವು ಬರೆದದ್ದನ್ನು ಓದಿ "ಎಲ್ಲಿದೆ?" ಎಂದು ಕೇಳುವ ಒಬ್ಬರು.

ಇನ್ನು ಕಾಗದಪತ್ರದ ಕತೆ. ಇದರಲ್ಲಿ ನಾನು ಪೆಟ್ಟು ತಿಂದೆ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ.

ತತ್ತ್ವಶಾಸ್ತ್ರದಲ್ಲಿ ಟ್ರಾನ್ಸ್‌ಫರ್ ಆಗುವವರು ಈ ಎರಡು ವರ್ಷಗಳಲ್ಲಿ ಓದುವ ಕೋರ್ಸುಗಳು ಕೈಬೆರಳೆಣಿಕೆಯವು: ಪ್ರವೇಶ, ನೀತಿಶಾಸ್ತ್ರ, ಪ್ರಾಚೀನ ತತ್ತ್ವಶಾಸ್ತ್ರದ ಚರಿತ್ರೆ, ದೆಕಾರ್ತ್‌ನಿಂದ ಕಾಂಟ್‌ವರೆಗಿನ ಆಧುನಿಕ ಚರಿತ್ರೆ, ತರ್ಕಶಾಸ್ತ್ರ. ಮಿಕ್ಕದ್ದು ಗಣಿತ, ಇಂಗ್ಲಿಷ್, ವಿಜ್ಞಾನ ಮೊದಲಾದ ಸಾಮಾನ್ಯ ವಿಷಯಗಳು. ಸಿಕ್ಕಿಬೀಳುವುದು ತರ್ಕದಲ್ಲಿ. ತರ್ಕ ಎರಡು ಬಗೆ. ಒಂದರಲ್ಲಿ ಪತ್ರಿಕೆಯ ಬರಹ, ಜಾಹೀರಾತುಗಳ ವಾದದೋಷ ಹುಡುಕುತ್ತೀರಿ. ಇನ್ನೊಂದು ಸಾಂಕೇತಿಕ ತರ್ಕ, ಚಿಹ್ನೆಗಳು, ಸತ್ಯಕೋಷ್ಟಕ, ಸಾಧನೆ ಅಂದರೆ ಪ್ರೂಫ್, ಹೆಚ್ಚುಕಡಿಮೆ ಗಣಿತವೇ. ನನಗೆ ಸಲಹೆ ಕೊಟ್ಟವರು "ಯಾವ ತರ್ಕವಾದರೇನು, ಎಲ್ಲ ಒಂದೇ" ಎಂದರು. ನಂಬಿ ಮೊದಲನೆಯದು ಮುಗಿಸಿದೆ. ಅರ್ಜಿ ಹಾಕುವ ಹೊತ್ತಿಗೆ ತಿಳಿಯಿತು, ನಾನು ಸೇರಬೇಕೆಂದಿದ್ದ ವಿಭಾಗಕ್ಕೆ ಬೇಕಾಗಿದ್ದದ್ದು ಎರಡನೆಯದು. ನಮ್ಮ ಕಾಲೇಜಿನಲ್ಲಿ ಅದನ್ನು ಇಟ್ಟಿದ್ದರು, ಸೇರಿದವರು ಕಡಿಮೆ ಎಂದು ಮೊದಲ ವಾರವೇ ರದ್ದು ಮಾಡಿದರು. ಕಡೆಗೆ ಇಪ್ಪತ್ತೆರಡು ಮೈಲಿ ದೂರದ ಇನ್ನೊಂದು ಕಾಲೇಜಿನಲ್ಲಿ, ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ಓದಿದೆ. ಗಂಡ ಆ ವಾರಗಳಲ್ಲಿ ಮೂರು ಬಗೆಯ ಚಿತ್ರಾನ್ನ ಕಲಿತರು.

ಈಗ ನೀವು ಈ ಗುಂಡಿಗೆ ಬೀಳಬೇಕಾಗಿಲ್ಲ. ಅಸಿಸ್ಟ್ ಎಂಬ ಜಾಲತಾಣವಿದೆ. ನಿಮ್ಮ ಕಾಲೇಜಿನ ಹೆಸರು, ಹೋಗಬೇಕೆಂದಿರುವ ವಿಶ್ವವಿದ್ಯಾಲಯ, ವಿಷಯ ಮೂರನ್ನೂ ಕೊಟ್ಟರೆ ಯಾವ ಕೋರ್ಸಿಗೆ ಯಾವ ಕೋರ್ಸು ಸಮ ಎಂದು ಎದುರುಬದುರು ತೋರಿಸುತ್ತದೆ. ಅದನ್ನು ಮೊದಲ ಸೆಮಿಸ್ಟರಿನಲ್ಲೇ ಮುದ್ರಿಸಿ ಫ್ರಿಜ್ ಮೇಲೆ ಅಂಟಿಸಿ. ಯಾರ ಬಾಯಿಮಾತನ್ನೂ, ನನ್ನದನ್ನೂ ಸೇರಿಸಿ, ಅದಕ್ಕಿಂತ ಹೆಚ್ಚಾಗಿ ನಂಬಬೇಡಿ. 2010ರಲ್ಲಿ ಬಂದ ಒಂದು ಕಾನೂನಿನಿಂದ ಟ್ರಾನ್ಸ್‌ಫರ್‌ಗಾಗಿಯೇ ರೂಪಿಸಿದ ಎರಡು ವರ್ಷದ ಪದವಿ ಇದೆ, ಬಹಳಷ್ಟು ಕಾಲೇಜುಗಳಲ್ಲಿ ತತ್ತ್ವಶಾಸ್ತ್ರಕ್ಕೂ ಇದೆ. ಅರವತ್ತು ಯೂನಿಟ್, ಅದರಲ್ಲಿ ಕನಿಷ್ಠ 18 ನಿಮ್ಮ ವಿಷಯದ್ದು. ಅದನ್ನು ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಸೀಟು ಖಾತರಿ. ನೀವು ಬಯಸಿದ ಊರಿನಲ್ಲೇ ಎಂಬ ಖಾತರಿ ಇಲ್ಲ.

ಸಾಂಕೇತಿಕ ತರ್ಕದ ಬಗ್ಗೆ ಹೆದರಿಸಿಬಿಟ್ಟೆನೋ ಏನೋ. ಒಂದು ಉದಾಹರಣೆ ಕೊಡುತ್ತೇನೆ. "ಗಂಡ ಸಿಟ್ಟಾದರೆ ಮಾತಾಡುವುದಿಲ್ಲ. ಈಗ ಮಾತಾಡುತ್ತಿಲ್ಲ. ಆದ್ದರಿಂದ ಸಿಟ್ಟಾಗಿದ್ದಾನೆ." ಎಷ್ಟು ಜನ ಒಪ್ಪುತ್ತೀರಿ? ಇಷ್ಟು ಕೈಗಳೇ! ಅವನು ಕ್ರಿಕೆಟ್ ನೋಡುತ್ತಿದ್ದಾನೆ, ಅಷ್ಟೆ. ಮೊದಲ ಎರಡು ವಾಕ್ಯ ನಿಜವಾಗಿದ್ದೂ ಮೂರನೆಯದು ಸುಳ್ಳಾಗಬಹುದು, ಆದ್ದರಿಂದ ವಾದ ಬಿದ್ದುಹೋಯಿತು. ನಮ್ಮ ನೈಯಾಯಿಕರು, ಅಂದರೆ ಹಳೆಯ ಕಾಲದ ತರ್ಕಶಾಸ್ತ್ರಿಗಳು, ಇದನ್ನು ಎಷ್ಟು ಚೆಂದವಾಗಿ ಹಿಡಿದಿದ್ದಾರೆ ನೋಡಿ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಕಂಡರೆ ಹೊಗೆ ಇದೆ ಎನ್ನುವಂತಿಲ್ಲ, ಯಾಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇರುತ್ತದೆ, ಹೊಗೆ ಇರುವುದಿಲ್ಲ. ಇದು ನನಗೆ ಊರಿನಲ್ಲಿ ಸಿಕ್ಕಿದ್ದಲ್ಲ. ಟ್ರಾನ್ಸ್‌ಫರ್ ಆದಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಭಾರತೀಯ ತತ್ತ್ವಶಾಸ್ತ್ರದ ಕಪಾಟಿನ ಮುಂದೆ ನಿಂತು ಓದುವಾಗ ಸಿಕ್ಕಿತು. ಅದೇ ಕಪಾಟಿನಲ್ಲಿ ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಪುಸ್ತಕವೂ ಇತ್ತು. ಹಾಸನದವಳು ಮೈಸೂರಿನವರ ಪುಸ್ತಕ ಓದಲು ಹದಿಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಬರಬೇಕಾಯಿತು.

ರಾಧಾಕೃಷ್ಣನ್ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟು ಎಳೆದುಕೊಂಡು ಸ್ಟೇಷನ್ನಿಗೆ ಬಿಟ್ಟುಬಂದರು ಎಂಬ ಕತೆಯನ್ನು ನಾವು ಪ್ರತಿ ಶಿಕ್ಷಕರ ದಿನಾಚರಣೆಯಲ್ಲೂ ಹೇಳುತ್ತೇವೆ. ಮಗಳು ಅದೇ ವಿಷಯ ಓದುತ್ತೇನೆ ಎಂದರೆ ಮಾತ್ರ "ವೇದಾಂತ ಹೇಳಬೇಡ" ಎನ್ನುತ್ತೇವೆ.

ವಿಶ್ವವಿದ್ಯಾಲಯದ ಮೊದಲ ವರ್ಷವನ್ನು ನಾನು ಸಿಂಗರಿಸಿ ಹೇಳುವುದಿಲ್ಲ. ಟ್ರಾನ್ಸ್‌ಫರ್ ಶಾಕ್ ಎಂಬ ಪದವೇ ಇದೆ, ಸ್ಥಳ ಬದಲಾದ ಕೂಡಲೇ ಅಂಕ ಕುಸಿಯುವುದಕ್ಕೆ. ನಾನು ಎಲ್ಲದರಲ್ಲೂ ಎ ಪಡೆದು ಹೋದವಳು. ಮೊದಲ ಪ್ರಬಂಧಕ್ಕೆ ಬಿ ಮೈನಸ್. ಇತರರು ಎರಡು ವರ್ಷದಲ್ಲಿ ಪ್ರಾಧ್ಯಾಪಕರ ಮುಖಪರಿಚಯ ಮಾಡಿಕೊಂಡಿರುತ್ತಾರೆ, ನಿಮಗೆ ಗ್ರಂಥಾಲಯದ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೂ ಗೊತ್ತಿರುವುದಿಲ್ಲ. ಮೊದಲ ವಾರವೇ ಕಾಂಟ್. ಅವನ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಪುಸ್ತಕದ ಅಂಚಿನಲ್ಲೂ ಅಂಕೆಗಳು: 1781ರ ಮುದ್ರಣಕ್ಕೆ ಎ, 1787ರದ್ದಕ್ಕೆ ಬಿ. ಅವನ್ನು ಕಂಡು ಮಾತ್ರ ನನಗೆ ಭಯವಾಗಲಿಲ್ಲ, ಹಳೆಯ ನೆಂಟರನ್ನು ಕಂಡಂತಾಯಿತು. ಹಾಗೆಂದು ವಿಶ್ವವಿದ್ಯಾಲಯ ಕೊಟ್ಟದ್ದು ಸಣ್ಣದಲ್ಲ. ಒಂದೇ ಪುಸ್ತಕವನ್ನು ಹದಿನೈದು ವಾರ ಹನ್ನೆರಡು ಜನ ಮೇಜಿನ ಸುತ್ತ ಕುಳಿತು ಓದುವ ಸೆಮಿನಾರ್ ಕಮ್ಯುನಿಟಿ ಕಾಲೇಜಿನಲ್ಲಿ ಸಿಗುವುದಿಲ್ಲ.

ಇನ್ನೊಂದು ಕಹಿ ಸಂಗತಿ. ಈ ಕಾಲೇಜುಗಳಿಗೆ ಸೇರುವವರಲ್ಲಿ ಬಹುಪಾಲು ಜನ ನಾಲ್ಕು ವರ್ಷದ ಪದವಿಯ ಆಸೆಯಿಂದಲೇ ಸೇರುತ್ತಾರೆ. ದೇಶದಾದ್ಯಂತ ನೋಡಿದರೆ ಟ್ರಾನ್ಸ್‌ಫರ್ ಆಗುವವರು ಮೂರರಲ್ಲಿ ಒಬ್ಬರು. ಆರು ವರ್ಷದೊಳಗೆ ಪದವಿ ಕೈಗೆ ಬರುವುದು ನೂರಕ್ಕೆ ಸುಮಾರು ಹದಿನಾರು ಜನರಿಗೆ. ದಡ್ಡರು ಎಂದಲ್ಲ. ಕೆಲಸದ ಪಾಳಿ ಬದಲಾಗುತ್ತದೆ, ಅಮ್ಮನಿಗೆ ಕಾಯಿಲೆ ಬರುತ್ತದೆ, ಬೇಕಾದ ತರಗತಿ ರದ್ದಾಗುತ್ತದೆ, "ಮುಂದಿನ ಸೆಮಿಸ್ಟರ್" ಎನ್ನುತ್ತ ನಾಲ್ಕು ವರ್ಷ ಕಳೆಯುತ್ತದೆ. ಆ ಹಿಂದಿನ ಸಾಲಿನ ಹುಡುಗ ಸಾಕ್ರಟೀಸನ ಪರ ಬರೆದದ್ದು ತರಗತಿಯಲ್ಲೇ ಒಳ್ಳೆಯ ಪ್ರಬಂಧವಾಗಿತ್ತು. ಮರುವರ್ಷ ಅವನು ಕಾಣಲಿಲ್ಲ. ನಾನು ವಿಚಾರಿಸಲೂ ಇಲ್ಲ.

ಓದಿ ಏನಾಗುತ್ತಾರೆ ಎಂಬ ಪ್ರಶ್ನೆಗೆ ನೀವು ಕಾಯುತ್ತಿದ್ದೀರಿ. "ಲಾ ಸ್ಕೂಲ್" ಎಂದು ಹೇಳಿದರೆ ನಿಮಗೆ ನೆಮ್ಮದಿ. ಹೋಗುವವರು ಇದ್ದಾರೆ, ಆ ಪ್ರವೇಶ ಪರೀಕ್ಷೆಗೆ ತರ್ಕ ಕೈಹಿಡಿಯುತ್ತದೆ ಎನ್ನುವುದೂ ನಿಜ. ಆದರೆ ಆ ಆಸೆ ತೋರಿಸಿ ನಿಮ್ಮ ಮಗುವನ್ನು ಈ ವಿಷಯಕ್ಕೆ ಎಳೆಯುವ ಕೆಲಸ ನನ್ನದಲ್ಲ. ನಾನು ಎಂ.ಎ. ಮುಗಿಸಿ, ಈಗ ಎರಡು ಕಾಲೇಜುಗಳಲ್ಲಿ ಅರೆಕಾಲಿಕವಾಗಿ ಪಾಠ ಮಾಡುತ್ತೇನೆ. ಸಂಬಳ ಕೇಳಬೇಡಿ. ಕಾರು ಟೊಯೋಟಾ, ಬಾನೆಟ್ ಇಳಿಜಾರಾಗಿರುವುದರಿಂದ ಹಾಳೆ ನಿಲ್ಲುವುದಿಲ್ಲ.

ಮುಗಿಸುವ ಮೊದಲು, ಮಕ್ಕಳು ಎರಡನೆಯ ವರ್ಷಕ್ಕೆ ಕಾಲಿಡುತ್ತಿರುವ ಮನೆಯವರು ಬರೆದುಕೊಳ್ಳಿ. ಟ್ಯಾಗ್ ಎಂಬ ಪ್ರವೇಶ ಖಾತರಿಯನ್ನು ಯುಸಿಯ ಆರು ಕ್ಯಾಂಪಸ್‌ಗಳು ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಇದರಲ್ಲಿ ಇಲ್ಲ. ಒಂದು ಕ್ಯಾಂಪಸ್‌ಗೆ ಮಾತ್ರ ಕೇಳಬಹುದು. ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ. ಮೂವತ್ತನೆಯ ತಾರೀಕಿನ ರಾತ್ರಿ ಹನ್ನೊಂದಕ್ಕೆ ಕುಳಿತುಕೊಳ್ಳಬೇಡಿ, ಅಂದು ಎಲ್ಲರೂ ಅದೇ ಹೊತ್ತಿಗೆ ಕುಳಿತಿರುತ್ತಾರೆ. ಎರಡನೆಯ ಸಾಲಿನ ಹಿರಿಯರು ಕೈ ಎತ್ತಿದ್ದಾರೆ. ಹೇಳಿ ಸರ್, ಮೊಮ್ಮಗಳು ಯಾವ ಕಾಲೇಜಿನಲ್ಲಿದ್ದಾಳೆ?